ಮೊಳಕೆ ಬಂದ ಬೀಜ ಮೇಲೇಳುತ್ತಿಲ್ಲ, ಅಗೆದು ನೋಡಲಾ?

ಪ್ರಶ್ನೆ: ಹಾಗಲ ಬೀಜವನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟಿದ್ದೆ. ಎಲ್ಲವೂ ಚೆನ್ನಾಗಿ ಮೊಳಕೆ ಬಂದವು. ಕುಂಡಕ್ಕೆ ಹಾಕಿ 8 ದಿನ ಆಯಿತು, ಒಂದೂ ಮೇಲೆ ಬಂದಿಲ್ಲ. ಏನು ಮಾಡಲಿ?

ಉತ್ತರ: ಇಡೀ ಕುಂಡ ಕೆದಕಬೇಡಿ. ಒಂದೇ ಒಂದು ಬೀಜದ ಮೇಲಿನ ಮಣ್ಣನ್ನು ಕಡ್ಡಿಯಿಂದ ಮೆಲ್ಲಗೆ ಸರಿಸಿ ನೋಡಿ. ಬೀಜ ಮೆತ್ತಗಾಗಿ ವಾಸನೆ ಬರುತ್ತಿದ್ದರೆ ಕೊಳೆತಿದೆ, ನೀರು ಜಾಸ್ತಿಯಾಗಿದೆ. ಬೀಜವೇ ಇಲ್ಲ ಅಂದರೆ ಇಲಿಯ ಮೇಲೆ ನನ್ನ ಅನುಮಾನ. ಬೇರು ಬಿಳಿಯಾಗಿ ಗಟ್ಟಿಯಾಗಿದ್ದರೆ ಬೀಜ ಬದುಕಿದೆ. ಚಳಿಗಾಲವಾದರೆ ಸುಮ್ನೆ ಕಾಯಿರಿ. ಹಾಗಲಕ್ಕೆ ಬೆಚ್ಚಗಿರಬೇಕು. ರಾತ್ರಿ 15 ಡಿಗ್ರಿಗೆ ಇಳಿಯುವ ಬೆಂಗಳೂರಿನ ಜನವರಿಯಲ್ಲಿ ಅದು ಮುದುಡಿಕೊಂಡೇ ಇರುತ್ತದೆ.

ಚಳಿಯೂ ಇಲ್ಲ, ಬೇರೂ ಚೆನ್ನಾಗಿದೆ ಅಂದರೆ ಮಣ್ಣಿನ ಮೇಲ್ಭಾಗ ಮುಟ್ಟಿ ನೋಡಿ. ನಮ್ಮ ಕೆಂಪು ಮಣ್ಣು ನೀರು ಕುಡಿದು ಬಿಸಿಲಿಗೆ ಒಣಗಿದರೆ ಮೇಲೆ ಹೆಕ್ಕಳಿಕೆ, ಅಂದರೆ ಗಟ್ಟಿ ಪದರ, ಕಟ್ಟುತ್ತದೆ. ಸಸಿ ಅದನ್ನು ತಲೆಯಿಂದ ಗುದ್ದಿ ಬರುವುದಿಲ್ಲ. ಕಾಂಡವನ್ನು ಕೊಕ್ಕೆಯಂತೆ ಬಗ್ಗಿಸಿ, ಬೆನ್ನಿನಿಂದ ಮಣ್ಣನ್ನು ನೂಕುತ್ತದೆ. ಎಳೆ ಎಲೆಗಳು ಹಿಂದಿನಿಂದ ಜೋತುಕೊಂಡು ಬರುತ್ತವೆ. ಮಣ್ಣು ತಡೆದರೆ ಕಾಂಡ ಗಿಡ್ಡವಾಗಿ ದಪ್ಪಗಾಗುತ್ತದೆ. ಇನ್ನೂ ಜೋರಾಗಿ ನೂಕಲು ಅದರ ಉಪಾಯ ಅದು. ಬೆಳಕು ತಗುಲಿದ ಮೇಲಷ್ಟೇ ಕೊಕ್ಕೆ ನೇರವಾಗುತ್ತದೆ.

ಅದಕ್ಕೇ ಅಗೆದು ನೋಡಿ ಮತ್ತೆ ಮುಚ್ಚುವ ಆಟ ಬೇಡ ಅನ್ನುವುದು. ಬೆಳಕು ಕಂಡ ಕೊಕ್ಕೆ ಬಿಚ್ಚಿಕೊಂಡರೆ ಎರಡನೇ ಸಲ ಮಣ್ಣು ನೂಕುವ ಶಕ್ತಿ ಇರುವುದಿಲ್ಲ. ನೋಡುವಾಗ ಕೊಕ್ಕೆ ಸಿಕ್ಕರೆ ಬೆನ್ನು ಕಾಣುವಷ್ಟು ತೆರೆದೇ ಬಿಡಿ, ಬೇರು ಮಾತ್ರ ಮುಚ್ಚಿರಲಿ. ಉಳಿದ ಬೀಜಗಳಿಗೆ ಸ್ಪ್ರೇ ಬಾಟಲಿಯಿಂದ ಬೆಳಿಗ್ಗೆ ಸಂಜೆ ನೀರು ಚಿಮುಕಿಸಿ. ಹೆಕ್ಕಳಿಕೆ ಮೆತ್ತಗಾದ ಮೇಲೆ ಬೀಜದಿಂದ ಸ್ವಲ್ಪ ದೂರದಲ್ಲಿ ಕಡ್ಡಿ ಆಡಿಸಿ ಒಡೆಯಿರಿ. ಒಣಗಿರುವಾಗ ಒಡೆಯಲು ಹೋದರೆ ಹೆಂಟೆಯ ಜೊತೆ ಕೊಕ್ಕೆಯೂ ಮುರಿದು ಬರುತ್ತದೆ. ಸಸಿಯನ್ನು ಹಿಡಿದು ಎಳೆಯುವುದಂತೂ ಬೇಡವೇ ಬೇಡ.

ಮೇಲೆ ಬಂದೂ ಬೀಜದ ಸಿಪ್ಪೆ ಟೋಪಿಯ ಹಾಗೆ ತಲೆಗೆ ಅಂಟಿಕೊಂಡಿದ್ದರೆ? ನಾನೊಮ್ಮೆ ಒಣ ಟೋಪಿಯನ್ನು ಉಗುರಿನಿಂದ ಕೀಳಲು ಹೋಗಿ, ಕೈಗೆ ಎರಡೂ ಎಲೆ ಬಂದು ಬರೀ ದಂಟು ಉಳಿಯಿತು. ಸಿಪ್ಪೆಯ ಮೇಲೆ ಒಂದು ತೊಟ್ಟು ನೀರು ಬಿಟ್ಟು, ನೆನೆಯಲು ಅರ್ಧ ಗಂಟೆ ಕೊಡಿ. ಹೆಚ್ಚಿನ ಸಲ ರಾತ್ರಿ ಕಳೆಯುವುದರೊಳಗೆ ತಾನೇ ಉದುರುತ್ತದೆ. ಬೀಜ ತೀರಾ ಮೇಲಿದ್ದರೂ ಹೀಗಾಗುತ್ತದೆ. ಸಿಪ್ಪೆಯನ್ನು ಕೆಳಗೆ ಹಿಡಿದಿಡಲು ಮೇಲೆ ಒಂದಿಷ್ಟು ಒದ್ದೆ ಮಣ್ಣಿನ ಭಾರ ಬೇಕು, ಅಲ್ವಾ?

ಮುಂದಿನ ಸಲ ಹಾಗಲವನ್ನು 2 ಸೆಂಟಿಮೀಟರ್ ಆಳಕ್ಕೆ ಹಾಕಿ. ಮೇಲಿನ ಪದರಕ್ಕೆ ಮಣ್ಣಿನ ಬದಲು ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಅಥವಾ ಜರಡಿ ಹಿಡಿದ ಗೊಬ್ಬರ ಉದುರಿಸಿ, ಅದು ಹೆಕ್ಕಳಿಕೆ ಕಟ್ಟುವುದಿಲ್ಲ. ಬಟ್ಟೆಯಲ್ಲಿ ಬೇರು ಅರ್ಧ ಸೆಂಟಿಮೀಟರ್ ಬಂದ ಕೂಡಲೇ ಮಣ್ಣಿಗೆ ಸೇರಿಸಿ. ಉದ್ದಕ್ಕೆ ಬಿಟ್ಟರೆ ನೂಲಿಗೆ ಸುತ್ತಿಕೊಂಡು, ಬಿಡಿಸುವಾಗ ತುದಿ ಮುರಿಯುತ್ತದೆ.