ನಾಲಿಗೆಗೆ ತಿಳಿಯದ ಸಮುದ್ರ

ಕುಮಟಾ ಕಡೆಯ ಸಿಗಡಿ ಹೊಂಡಗಳಿಂದ ನೀರಿನ ಮಾದರಿ ತರುವವರು ಬಾಟಲಿಯನ್ನು ನನ್ನ ಮೇಜಿನ ಮೇಲಿಟ್ಟು ಮೊದಲು ಕೇಳುವುದು ಉಪ್ಪು ಎಷ್ಟಿದೆ ಎಂದು. ರಿಫ್ರ್ಯಾಕ್ಟೋಮೀಟರಿನ ಗಾಜಿನ ಮೇಲೆ ಒಂದು ಹನಿ ಬಿಟ್ಟು ಬೆಳಕಿಗೆ ಹಿಡಿದರೆ ಅರ್ಧ ನಿಮಿಷದಲ್ಲಿ ಉತ್ತರ ಸಿಗುತ್ತದೆ. ಆದರೆ ನೀರಿನಲ್ಲಿರುವ ಜೀವಿ ಉಳಿಯುವುದೋ ಇಲ್ಲವೋ ಎಂಬುದನ್ನು ನಿರ್ಧರಿಸುವ ಬಹಳಷ್ಟು ಸಂಗತಿಗಳನ್ನು ಆ ಹನಿ ಹೇಳುವುದಿಲ್ಲ, ನಾಲಿಗೆಯೂ ಹೇಳಲಾರದು. ಉಪ್ಪಿನ ಅಂಕಿಯೊಂದನ್ನೇ ನಂಬಿ ಕುಳಿತವರು ಬೆಳೆ ಕಳೆದುಕೊಳ್ಳುವುದನ್ನು ಕಂಡಿದ್ದೇನೆ. ಹಾಗಾಗಿ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕೆನಿಸಿದೆ.

ತೆರೆದ ಸಮುದ್ರದ ಒಂದು ಕಿಲೋ ನೀರಿನಲ್ಲಿ ಸರಾಸರಿ 35 ಗ್ರಾಂ ಲವಣ ಕರಗಿರುತ್ತದೆ. ಅದರಲ್ಲಿ ಕ್ಲೋರೈಡ್ 19 ಗ್ರಾಂಗಿಂತ ತುಸು ಹೆಚ್ಚು, ಸೋಡಿಯಂ ಸುಮಾರು 10.8, ಸಲ್ಫೇಟ್ 2.7, ಮೆಗ್ನೀಸಿಯಂ 1.3, ಕ್ಯಾಲ್ಸಿಯಂ ಮತ್ತು ಪೊಟ್ಯಾಸಿಯಂ ತಲಾ 0.4 ಗ್ರಾಂನಷ್ಟು. ಈ ಆರೇ ಸೇರಿ ಒಟ್ಟು ಲವಣದ ಶೇ 99ಕ್ಕೂ ಹೆಚ್ಚು ಭಾಗವಾಗುತ್ತವೆ. 1872ರಿಂದ 1876ರವರೆಗೆ ಸಾಗರಗಳನ್ನು ಸುತ್ತಿದ ಚಾಲೆಂಜರ್ ಎಂಬ ಸಂಶೋಧನಾ ಹಡಗು ತಂದ 77 ಮಾದರಿಗಳನ್ನು ರಸಾಯನಶಾಸ್ತ್ರಜ್ಞ ವಿಲಿಯಂ ಡಿಟ್ಮಾರ್ ಅತ್ಯಂತ ಎಚ್ಚರದಿಂದ ವಿಶ್ಲೇಷಿಸಿ, 1884ರಲ್ಲಿ ತನ್ನ ಫಲಿತಾಂಶ ಪ್ರಕಟಿಸಿದ. ಉಪ್ಪಿನ ಪ್ರಮಾಣ ಕಡಲಿಂದ ಕಡಲಿಗೆ ಬದಲಾದರೂ ಈ ಘಟಕಗಳ ಪರಸ್ಪರ ಅನುಪಾತ ಬಹುಮಟ್ಟಿಗೆ ಒಂದೇ ಆಗಿರುತ್ತದೆ ಎಂಬುದು ಅದರಿಂದ ದೃಢಪಟ್ಟಿತು. ಆವಿಯಾಗುವಿಕೆ ಹೆಚ್ಚಿರುವ ನಮ್ಮ ಅರಬ್ಬಿ ಸಮುದ್ರದ ಮೇಲ್ಪದರ 36 ಗ್ರಾಂನ ಆಸುಪಾಸಿನಲ್ಲಿದ್ದರೆ, ದೊಡ್ಡ ನದಿಗಳು ಬಂದು ಸೇರುವ ಬಂಗಾಳ ಕೊಲ್ಲಿಯ ನೀರು ಅದಕ್ಕಿಂತ ಸಪ್ಪೆ. ಆದರೂ ಎರಡರ ಪಾಕವೂ ಒಂದೇ.

ಈ ಪಾಕವನ್ನು ಕಣ್ಣಾರೆ ನೋಡಬೇಕೆನ್ನುವವರು ಗೋಕರ್ಣದ ಬಳಿ ಸಾಣಿಕಟ್ಟಾದ ಉಪ್ಪಿನ ಆಗರಗಳಿಗೆ ಹೋಗಬೇಕು. ಸಮುದ್ರದ ನೀರು ಬಿಸಿಲಿಗೆ ಇಂಗುತ್ತಾ ಬಂದಂತೆ ಮೊದಲು ಕ್ಯಾಲ್ಸಿಯಂ ಕಾರ್ಬೋನೇಟ್, ಅನಂತರ ಜಿಪ್ಸಂ ತಳ ಸೇರುತ್ತವೆ. ನೀರು ಮೂಲದ ಹತ್ತನೇ ಒಂದು ಭಾಗಕ್ಕೆ ಇಳಿದ ಮೇಲಷ್ಟೇ ನಾವು ತಿನ್ನುವ ಉಪ್ಪು ಹರಳುಗಟ್ಟುತ್ತದೆ. ಕೊನೆಗೆ ಉಳಿಯುವ ನೀರು ಕಹಿ, ಏಕೆಂದರೆ ಮೆಗ್ನೀಸಿಯಂ ಅದರಲ್ಲೇ ಉಳಿದಿರುತ್ತದೆ. ಹೀಗಾಗಿ ಅಡುಗೆ ಉಪ್ಪನ್ನು ಬಾವಿ ನೀರಿಗೆ ಕದಡಿ ಸಮುದ್ರದ ನೀರು ಮಾಡಲು ಬರುವುದಿಲ್ಲ. ಸಮುದ್ರದಲ್ಲಿ ಕ್ಯಾಲ್ಸಿಯಂನ ಮೂರು ಪಟ್ಟು ಮೆಗ್ನೀಸಿಯಂ ಇರುತ್ತದೆ; ಸೋಡಿಯಂ ಪೊಟ್ಯಾಸಿಯಂನ 27 ಪಟ್ಟು. ಸಿಗಡಿಯ ನರ, ಸ್ನಾಯು, ಕಿವಿರುಗಳೆಲ್ಲ ಈ ಅನುಪಾತಕ್ಕೆ ಹೊಂದಿಕೊಂಡಿವೆ. ಒಳನಾಡಿನ ಸವುಳು ಅಂತರ್ಜಲದಲ್ಲಿ ಸಾಕಿದ ಸಿಗಡಿ, ಉಪ್ಪಿನ ಅಂಕಿ ಸರಿಯಾಗಿದ್ದರೂ, ಪೊಟ್ಯಾಸಿಯಂ ಸಾಲದೆ ನಿತ್ರಾಣಗೊಂಡು ಸಾಯುವುದು ಇದೇ ಕಾರಣಕ್ಕೆ.

ಇನ್ನು ಆ ಶೇ 1ಕ್ಕೂ ಕಡಿಮೆಯ ಉಳಿಕೆಯ ಮಾತು. ಬೈಕಾರ್ಬೋನೇಟ್, ಕಾರ್ಬೋನೇಟ್‌ಗಳು ಇರುವುದು ಅದರಲ್ಲೇ. ತೂಕದಲ್ಲಿ ಇವು ಅತ್ಯಲ್ಪವಾದರೂ ನೀರಿನ ಪಿಎಚ್ ಅನ್ನು, ಅಂದರೆ ಆಮ್ಲ-ಕ್ಷಾರಗಳ ಮಟ್ಟವನ್ನು, ಹಿಡಿದು ನಿಲ್ಲಿಸುವುದು ಇವೇ. ಬೆಳಚು, ಕಲ್ವದಂಥ ಮೃದ್ವಂಗಿಗಳು ಚಿಪ್ಪು ಕಟ್ಟಿಕೊಳ್ಳುವುದಕ್ಕೂ ಇವೇ ಆಧಾರ. ಸಮುದ್ರದ ನೀರಿನ ಕ್ಷಾರತೆ, ಅಂದರೆ ಆಮ್ಲವನ್ನು ತಡೆದುಕೊಳ್ಳುವ ಶಕ್ತಿ, ಕ್ಯಾಲ್ಸಿಯಂ ಕಾರ್ಬೋನೇಟ್ ಲೆಕ್ಕದಲ್ಲಿ ಲೀಟರಿಗೆ ಸುಮಾರು 120 ಮಿಲಿಗ್ರಾಂ. ಘಟ್ಟದಿಂದ ಇಳಿಯುವ ಮಳೆಗಾಲದ ಹೊಳೆನೀರಿನದು ಅದಕ್ಕಿಂತ ಬಹಳ ಕಡಿಮೆ. ಅಘನಾಶಿನಿಯ ಅಳಿವೆಯಲ್ಲಿ ಆಷಾಢದ ನೆರೆ ಬಂದಾಗ ಬೆಳಚು ಚಿಪ್ಪು ಮುಚ್ಚಿಕೊಂಡು ಕಾಯುತ್ತದೆ. ಹಾಗೆ ಎಷ್ಟು ದಿನ ಕಾಯಬಲ್ಲದು ಎಂಬುದರ ಮೇಲೆ ಮುಂದಿನ ಬೇಸಿಗೆಯಲ್ಲಿ ಅದನ್ನು ಆಯುವ ಹೆಂಗಸರ ಬುಟ್ಟಿ ತುಂಬುವುದು ನಿಂತಿದೆ.

ನಾವು ಹೊರಸೂಸುವ ಇಂಗಾಲದ ಡೈಆಕ್ಸೈಡಿನ ಸರಿಸುಮಾರು ಕಾಲು ಭಾಗವನ್ನು ಸಮುದ್ರ ಹೀರಿಕೊಳ್ಳುತ್ತದೆ. ಕೈಗಾರಿಕಾ ಯುಗಕ್ಕೆ ಮುನ್ನ 8.2ರಷ್ಟಿದ್ದ ಮೇಲ್ಪದರದ ಸರಾಸರಿ ಪಿಎಚ್ ಈಗ 8.1ಕ್ಕೆ ಬಂದಿದೆ. ಪಿಎಚ್ ಲಾಗರಿದಮ್ ಮಾಪನವಾದ್ದರಿಂದ (ಒಂದು ಅಂಕಿ ಇಳಿದರೆ ಆಮ್ಲತೆ ಹತ್ತು ಪಟ್ಟು) ನೋಡಲು ಸಣ್ಣದಾದ ಈ ಇಳಿಕೆಗೆ ಹೈಡ್ರೋಜನ್ ಅಯಾನುಗಳು ಶೇ 25ಕ್ಕೂ ಮೀರಿ ಹೆಚ್ಚಿವೆ ಎಂಬ ಅರ್ಥವಿದೆ. ಸಮುದ್ರ ಇಂದಿಗೂ ಕ್ಷಾರೀಯವೇ. ತೊಂದರೆ ಇರುವುದು ಆ ಹೆಚ್ಚುವರಿ ಅಯಾನುಗಳು ಕಾರ್ಬೋನೇಟನ್ನು ಹಿಡಿದು ಬೈಕಾರ್ಬೋನೇಟ್ ಮಾಡಿಬಿಡುವುದರಲ್ಲಿ. ಚಿಪ್ಪು ಕಟ್ಟುವ ಕೆಲಸಕ್ಕೆ ಆಗ ಹೆಚ್ಚು ಶಕ್ತಿ ವ್ಯಯವಾಗುತ್ತದೆ. ಬಲಿತ ಪ್ರಾಣಿ ಇದನ್ನು ತಾಳಬಹುದು, ಎರಡು ದಿನದ ಮರಿ ತಾಳುವುದು ಕಷ್ಟ. ಅಮೆರಿಕದ ಒರೆಗಾನ್ ತೀರದ ಸಿಂಪಿ ಮರಿ ಉತ್ಪಾದಕರು 2007ರ ಸುಮಾರಿಗೆ ಭಾರೀ ನಷ್ಟ ಕಂಡ ಮೇಲೆ, ಒಳಬರುವ ನೀರಿಗೆ ಸೋಡಿಯಂ ಕಾರ್ಬೋನೇಟ್ ಬೆರೆಸುವುದನ್ನು ರೂಢಿಸಿಕೊಂಡರು.

ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುವುದು ಆಮ್ಲಜನಕ. ಒಂದು ಲೀಟರ್ ಗಾಳಿಯಲ್ಲಿ 270 ಮಿಲಿಗ್ರಾಂನಷ್ಟು ಆಮ್ಲಜನಕವಿದ್ದರೆ, ನಮ್ಮ ಕರಾವಳಿಯ ಬೆಚ್ಚನೆಯ ಉಪ್ಪುನೀರು ಲೀಟರಿಗೆ ಹಿಡಿದಿಟ್ಟುಕೊಳ್ಳಬಲ್ಲದ್ದು 6 ಮಿಲಿಗ್ರಾಂ ಚಿಲ್ಲರೆ ಮಾತ್ರ. ನೀರು ಬಿಸಿಯಾದಷ್ಟೂ, ಉಪ್ಪು ಹೆಚ್ಚಿದಷ್ಟೂ ಅದು ಇನ್ನೂ ಇಳಿಯುತ್ತದೆ. ಅರಬ್ಬಿ ಸಮುದ್ರದ ಸುಮಾರು 150ರಿಂದ 1000 ಮೀಟರ್ ಆಳದಲ್ಲಿ ಜಗತ್ತಿನ ಅತಿ ತೀವ್ರ ಆಮ್ಲಜನಕ ಕೊರತೆಯ ಪದರಗಳಲ್ಲೊಂದಿದೆ. ಮುಂಗಾರಿನ ತಿಂಗಳುಗಳಲ್ಲಿ ತೀರದ ಮೇಲ್ನೀರು ಹೊರಗೆ ಸರಿದು ಕೆಳಗಿನ ತಣ್ಣೀರು ಮೇಲೇಳುತ್ತದೆ. ಅದು ಪೋಷಕಾಂಶ ತರುತ್ತದೆ, ಜೊತೆಗೆ ಉಸಿರಿನ ಕೊರತೆಯನ್ನೂ ತರುತ್ತದೆ. ಮಳೆಯ ಮತ್ತು ಹೊಳೆಗಳ ಹಗುರವಾದ ಸಿಹಿನೀರು ಮೇಲೆ ಮುಚ್ಚಳದಂತೆ ಹರಡಿಕೊಳ್ಳುವುದರಿಂದ ಗಾಳಿಯ ಆಮ್ಲಜನಕ ಕೆಳಗೆ ಇಳಿಯಲಾರದು.

ಆದ್ದರಿಂದ ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಮೇಲಿನ ನೀರನ್ನು ಮಾತ್ರ ಅಳೆದು ಸಮುದ್ರ ಆರೋಗ್ಯವಾಗಿದೆ ಎನ್ನುವುದು ತಪ್ಪು. ತಳದ ಮಾದರಿಯನ್ನು ಗಾಳಿಗುಳ್ಳೆ ಸೇರದಂತೆ ಬಾಟಲಿಗೆ ತುಂಬಿ, ದೋಣಿಯಲ್ಲೇ ಮ್ಯಾಂಗನೀಸ್ ಸಲ್ಫೇಟ್ ಮತ್ತು ಕ್ಷಾರೀಯ ಅಯೋಡೈಡ್ ಸೇರಿಸಬೇಕು. 1888ರಲ್ಲಿ ರಸಾಯನಶಾಸ್ತ್ರಜ್ಞ ವಿಂಕ್ಲರ್ ರೂಪಿಸಿದ ಈ ವಿಧಾನವನ್ನು ಸೆನ್ಸರುಗಳ ಕಾಲದಲ್ಲೂ ನಾನು ಬಿಟ್ಟಿಲ್ಲ. ಆಮ್ಲಜನಕವಿದ್ದರೆ ಬಾಟಲಿಯೊಳಗೆ ಕಂದು ಬಣ್ಣದ ಗಸಿ ಮೂಡುತ್ತದೆ. ಇಲ್ಲದಿದ್ದರೆ ಅದು ಹಾಲಿನಂತೆ ಬಿಳಿಯಾಗಿಯೇ ಉಳಿಯುತ್ತದೆ. ಅಂಥ ಬಿಳಿ ಬಾಟಲಿ ಕೈಯಲ್ಲಿರುವಾಗಲೂ ಅದೇ ನೀರನ್ನು ರಿಫ್ರ್ಯಾಕ್ಟೋಮೀಟರಿಗೆ ಹಾಕಿದರೆ ಗೆರೆ ಕದಲದ ಹಾಗೆ 35 ತೋರಿಸುತ್ತದೆ.