ಎಚ್‌ಐವಿ ಇಲ್ಲ, ಆದರೂ ಇಂಥ ಸೋಂಕು ಯಾಕೆ? ಆಟೋಆಂಟಿಬಾಡಿಗಳ ಬಗ್ಗೆ ಟಿಪ್ಪಣಿ

ಒಂದು ಕೇಸ್ ಊಹಿಸಿಕೊಳ್ಳಿ. ವಯಸ್ಸು ಐವತ್ತರ ಹತ್ತಿರ, ಅಲ್ಲಿಯವರೆಗೂ ಆರೋಗ್ಯವಾಗಿದ್ದವರು. ಈಗ ತಿಂಗಳುಗಟ್ಟಲೆ ಜ್ವರ, ತೂಕ ಇಳಿದಿದೆ, ಕುತ್ತಿಗೆಯ ದುಗ್ಧಗ್ರಂಥಿಗಳು ಊದಿವೆ. ಕಲ್ಚರ್‌ನಲ್ಲಿ ಬೆಳೆದದ್ದು ಕ್ಷಯದ ಬ್ಯಾಕ್ಟೀರಿಯಾ ಅಲ್ಲ, ಮೈಕೋಬ್ಯಾಕ್ಟೀರಿಯಂ ಅಬ್ಸೆಸಸ್. ಮಣ್ಣು, ನೀರಿನಲ್ಲಿ ಇರುವ ಈ ಜೀವಿ ಆರೋಗ್ಯವಂತರ ಮೈಯೆಲ್ಲ ಹರಡುವುದು ತೀರಾ ಅಪರೂಪ. ಎಚ್‌ಐವಿ ನೆಗೆಟಿವ್. ಬಿಳಿ ರಕ್ತಕಣ, ಇಮ್ಯುನೋಗ್ಲಾಬ್ಯುಲಿನ್ ಎಲ್ಲವೂ ಸರಿಯಾಗೇ ಇವೆ.

ಹಾಗಾದರೆ ತೊಂದರೆ ಎಲ್ಲಿ? ರೋಗಾಣುಗಳನ್ನು ತಿನ್ನುವ ಕೋಶವಾದ ಮ್ಯಾಕ್ರೊಫೇಜ್ ಈ ಬ್ಯಾಕ್ಟೀರಿಯಾವನ್ನು ನುಂಗುತ್ತದೆ, ಆದರೆ ಕೊಲ್ಲಲು ಅದಕ್ಕೆ ಟಿ ಕೋಶಗಳಿಂದ (ಒಂದು ಬಗೆಯ ಬಿಳಿ ರಕ್ತಕಣ) ಇಂಟರ್‌ಫೆರಾನ್ ಗಾಮಾ ಎಂಬ ಸಂದೇಶ ಪ್ರೋಟೀನ್ ಬರಬೇಕು. ಕೆಲವರಲ್ಲಿ ದೇಹವೇ ಆ ಇಂಟರ್‌ಫೆರಾನ್ ವಿರುದ್ಧ ಆಂಟಿಬಾಡಿ ತಯಾರಿಸುತ್ತದೆ, ಇದೇ ಆಟೋಆಂಟಿಬಾಡಿ. ಕೋಶಗಳೆಲ್ಲ ಇವೆ, ಸಂದೇಶ ಮಾತ್ರ ದಾರಿಯಲ್ಲೇ ನಿಂತುಹೋಗುತ್ತದೆ. ಅದಕ್ಕೇ ಕೋಶಗಳ ಎಣಿಕೆ ಮಾಡಿದರೆ ಏನೂ ಗೊತ್ತಾಗುವುದಿಲ್ಲ. ಇಂಟರ್‌ಫೆರಾನ್ ಗಾಮಾ ರಿಸೆಪ್ಟರ್‌ನ ಜೀನ್ ದೋಷ ಇರುವ ಮಕ್ಕಳಲ್ಲಿ ಕಾಣುವ ಸೋಂಕುಗಳೇ ಇಲ್ಲಿ ದೊಡ್ಡವರಲ್ಲಿ ಕಾಣುತ್ತವೆ. ಟೈಫಾಯ್ಡ್ ಅಲ್ಲದ ಸಾಲ್ಮೊನೆಲ್ಲಾ ರಕ್ತಕ್ಕೆ ಸೇರುವುದು, ಮೆಲಿಯಾಯ್ಡೋಸಿಸ್ (ಮಣ್ಣು, ನೀರಿನ ಬ್ಯಾಕ್ಟೀರಿಯಾದಿಂದ ಬರುವ ಸೋಂಕು), ಸರ್ಪಸುತ್ತು ಕೂಡ ಈ ಗುಂಪಿಗೆ ಸೇರುತ್ತವೆ.

ಥಾಯ್ಲೆಂಡ್ ಮತ್ತು ತೈವಾನ್‌ನ ರೋಗಿಗಳ ಮೇಲೆ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನವನ್ನು ನೆನಪಿಡಿ. ಇಂಥ ಅವಕಾಶವಾದಿ (ಪ್ರತಿರೋಧ ಕುಗ್ಗಿದಾಗ ಬರುವ) ಸೋಂಕುಗಳಿದ್ದ, ಎಚ್‌ಐವಿ ಇಲ್ಲದ ವಯಸ್ಕರಲ್ಲಿ 88% ಮಂದಿಗೆ ಈ ಆಂಟಿಬಾಡಿ ಇತ್ತು. ಕೆಲವು ಎಚ್‌ಎಲ್‌ಎ (ಪ್ರತಿರೋಧಕ್ಕೆ ಸಂಬಂಧಿಸಿದ ಜೀನ್) ವಿಧಗಳಿರುವವರಲ್ಲಿ ಇದು ಜಾಸ್ತಿ.

ಈಗ ನನಗೆ ತುಂಬಾ ಮುಖ್ಯ ಅನ್ನಿಸುವ ವಿಷಯ. ಇಂಥವರಿಗೆ ಕ್ಷಯಕ್ಕೆಂದು ಕ್ವಾಂಟಿಫೆರಾನ್ ಟೆಸ್ಟ್ (ರಕ್ತದ ಕೋಶಗಳು ಬಿಡುವ ಇಂಟರ್‌ಫೆರಾನ್ ಗಾಮಾ ಅಳೆಯುವುದು) ಮಾಡಿದರೆ ರಿಪೋರ್ಟ್ 'ಇನ್‌ಡಿಟರ್ಮಿನೇಟ್' (ನಿರ್ಧರಿಸಲಾಗದು) ಎಂದು ಬರುತ್ತದೆ. ಯಾಕೆ ಗೊತ್ತಾ? ಈ ಟೆಸ್ಟ್‌ನಲ್ಲಿ ಟಿ ಕೋಶಗಳನ್ನು ಕೆರಳಿಸುವ ಮೈಟೋಜೆನ್ ಹಾಕಿದ ಒಂದು ಕಂಟ್ರೋಲ್ ಟ್ಯೂಬ್ ಇರುತ್ತದೆ. ಅದರಲ್ಲಿ ಯಾರ ರಕ್ತವಾದರೂ ಇಂಟರ್‌ಫೆರಾನ್ ಗಾಮಾ ಬಿಡಲೇಬೇಕು. ಇವರ ಟಿ ಕೋಶಗಳೂ ಬಿಡುತ್ತವೆ. ಆದರೆ ಪ್ಲಾಸ್ಮಾದಲ್ಲಿರುವ ಆಂಟಿಬಾಡಿ ಅದನ್ನು ಕೂಡಲೇ ಹಿಡಿದುಕೊಳ್ಳುವುದರಿಂದ ಅಳತೆಗೆ ಸಿಗುವುದಿಲ್ಲ. ಲ್ಯಾಬ್ ತಪ್ಪು ಎಂದು ಸುಮ್ನೆ ಬದಿಗಿಡುವ ಈ ರಿಪೋರ್ಟೇ ಇಲ್ಲಿ ದೊಡ್ಡ ಸುಳಿವು. ಸ್ಟೀರಾಯ್ಡ್ ತೆಗೆದುಕೊಳ್ಳುವವರಲ್ಲಿ, ಲಿಂಫೋಸೈಟ್ (ಟಿ ಕೋಶಗಳೂ ಸೇರುವ ಬಿಳಿ ರಕ್ತಕಣ) ಕಡಿಮೆ ಇರುವವರಲ್ಲಿ ಕೂಡ ಹೀಗೆ ಬರಬಹುದು ನಿಜ. ಆದರೆ ಲಿಂಫೋಸೈಟ್ ಸರಿಯಿದ್ದು, ಮತ್ತೆ ಮತ್ತೆ ಹೀಗೇ ಬಂದರೆ ಅನುಮಾನ ಪಡಲೇಬೇಕು.

ಇಂಟರ್‌ಲ್ಯೂಕಿನ್ 6 ಎಂಬ ಇನ್ನೊಂದು ಸಂದೇಶ ಪ್ರೋಟೀನ್ ವಿರುದ್ಧ ಆಂಟಿಬಾಡಿ ಇದ್ದಾಗಲೂ ಇದೇ ತರ್ಕ. ಅವರಿಗೆ ಸ್ಟ್ಯಾಫಿಲೋಕಾಕಸ್ ಸೋಂಕು ಜೋರಾಗಿದ್ದರೂ ಸಿಆರ್‌ಪಿ (ಉರಿಯೂತ ಇದ್ದಾಗ ರಕ್ತದಲ್ಲಿ ಹೆಚ್ಚುವ ಪ್ರೋಟೀನ್) ಏರುವುದಿಲ್ಲ. ಲಿವರ್ ಸಿಆರ್‌ಪಿ ತಯಾರಿಸಲು ಇಂಟರ್‌ಲ್ಯೂಕಿನ್ 6ರ ಸೂಚನೆ ಬೇಕು, ಅದೇ ತಲುಪುತ್ತಿಲ್ಲ ಅಲ್ವಾ? ಸಿಆರ್‌ಪಿ ಕಡಿಮೆ ಇದೆ ಎಂದು ನೆಮ್ಮದಿಯಾಗಿರುವುದು ಅಪಾಯ.

ನೊಕಾರ್ಡಿಯಾ ಎಂಬ ಬ್ಯಾಕ್ಟೀರಿಯಾ ಕಂಡರೆ ಜಿಎಂ-ಸಿಎಸ್‌ಎಫ್ ಎಂಬ ಸಂದೇಶ ಪ್ರೋಟೀನ್ ನೆನಪಾಗಲಿ. ಶ್ವಾಸಕೋಶದ ಮ್ಯಾಕ್ರೊಫೇಜ್ ಬಲಿಯಲು ಅದು ಬೇಕು. ಅದರ ವಿರುದ್ಧ ಆಂಟಿಬಾಡಿ ಇದ್ದರೆ ಗಾಳಿಚೀಲಗಳ ಒಳಪದರದ ಸರ್ಫ್ಯಾಕ್ಟಂಟ್ ತೆರವಾಗದೆ ಶೇಖರವಾಗಿ ಪಲ್ಮನರಿ ಆಲ್ವಿಯೋಲಾರ್ ಪ್ರೋಟೀನೋಸಿಸ್ ಆಗುತ್ತದೆ. ಆದರೆ ಶ್ವಾಸಕೋಶದಲ್ಲಿ ಏನೂ ಕಾಣುವ ಮೊದಲೇ ಮೆದುಳಿನಲ್ಲಿ ನೊಕಾರ್ಡಿಯಾ ಕೀವುಗಡ್ಡೆ ಆದ ಕೇಸ್‌ಗಳಿವೆ. ಎಕ್ಸ್‌ರೇ ಚೆನ್ನಾಗಿದೆ ಎಂದು ಈ ಆಂಟಿಬಾಡಿಯ ಟೆಸ್ಟ್ ಬಿಡಬೇಡಿ.

ಆಂಟಿಬಾಡಿ ಇದೆ ಎಂದು ಗೊತ್ತಾದರೆ ಸಾಲದು, ಅದು ಸೈಟೊಕೈನ್‌ನ (ಇಂಥ ಸಂದೇಶ ಪ್ರೋಟೀನ್‌ನ) ಕೆಲಸ ತಡೆಯುತ್ತಿದೆಯೇ ಎಂದು ನೋಡಬೇಕು. ಆರೋಗ್ಯವಂತರ ಕೋಶಗಳಿಗೆ ರೋಗಿಯ ಪ್ಲಾಸ್ಮಾ ಸೇರಿಸಿ, ಇಂಟರ್‌ಫೆರಾನ್ ಗಾಮಾ ಹಾಕುತ್ತಾರೆ. ಕೋಶದೊಳಗೆ ಸಂದೇಶ ತಲುಪಿದ ಗುರುತಾದ ಸ್ಟ್ಯಾಟ್1 ಫಾಸ್ಫೊರಿಲೇಷನ್ ಆಗದಿದ್ದರೆ ತಡೆ ಇದೆ ಎಂದರ್ಥ.

ಚಿಕಿತ್ಸೆಯಲ್ಲಿ ಮೊದಲು ಆ ಜೀವಿಗೆ ತಕ್ಕ ಆಂಟಿಬಯಾಟಿಕ್, ಅದೂ ದೀರ್ಘಕಾಲ. ಅಷ್ಟರಲ್ಲಿ ಹತೋಟಿಗೆ ಬರದಿದ್ದರೆ ಆಂಟಿಬಾಡಿ ತಯಾರಿಕೆಯ ಮೂಲವಾದ ಬಿ ಕೋಶಗಳನ್ನು ಇಳಿಸುವ ರಿಟುಕ್ಸಿಮ್ಯಾಬ್ ಕೊಡುತ್ತಾರೆ. ಸೋಂಕಿರುವವರಿಗೆ ಪ್ರತಿರೋಧ ತಗ್ಗಿಸುವ ಔಷಧಿಯೇ ಎಂದು ಗಾಬರಿಯಾಗಬಹುದು. ಇಲ್ಲಿ ತಗ್ಗಿಸುತ್ತಿರುವುದು ತಡೆ ಒಡ್ಡುತ್ತಿರುವ ಆಂಟಿಬಾಡಿಯನ್ನು. ಔಷಧಿ ನಿಲ್ಲಿಸಿದ ಮೇಲೆ ಸೋಂಕು ಮರುಕಳಿಸಬಹುದು, ಕೆಲವೊಮ್ಮೆ ಬೇರೆಯದೇ ಜೀವಿಯಿಂದ. ಹಾಗಾಗಿ ಇವರನ್ನು ವರ್ಷಗಟ್ಟಲೆ ಫಾಲೋಅಪ್‌ನಲ್ಲಿ ಇಡಬೇಕಾಗುತ್ತದೆ.