ಜೀವನಶೈಲಿ ಕಾರ್ಯಕ್ರಮ: ಚೀಟಿಯ ಕೊನೆಯ ಸಾಲಿನ ಅರ್ಥ

ಹಳೇಹುಬ್ಬಳ್ಳಿಯ ನಮ್ಮ ಚಿಕ್ಕವ್ವ ಖಾನಾವಳಿಯೊಂದಕ್ಕೆ ರೊಟ್ಟಿ ಬಡಿದುಕೊಡುತ್ತಾಳೆ. ಬೆಳಗಿನ ಐದಕ್ಕೆ ಒಲೆ ಹೊತ್ತಿತೆಂದರೆ ಹನ್ನೊಂದರವರೆಗೆ ಹಂಚಿನ ಮುಂದಿನಿಂದ ಏಳುವಂತಿಲ್ಲ. ಕಳೆದ ವರ್ಷ ತಲೆಸುತ್ತು ಬಂದು ಆಸ್ಪತ್ರೆಗೆ ಕರೆದೊಯ್ದಾಗ ರಕ್ತದೊತ್ತಡ 162/98 ಇತ್ತು, ತೂಕ 76 ಕಿಲೊ. ವೈದ್ಯರು ಗುಳಿಗೆ ಬರೆದು, ಚೀಟಿಯ ಕೊನೆಯಲ್ಲಿ ‘ಜೀವನಶೈಲಿ ಬದಲಾವಣೆ’ ಎಂದೂ ಸೇರಿಸಿದರು. ಆಟೊದಲ್ಲಿ ಮರಳುವಾಗ ನಾನು ಅದನ್ನು ಓದಿ ಹೇಳಿದೆ. ಚಿಕ್ಕವ್ವ ಕೇಳಿದಳು: “ಗುಳಿಗೆಯನ್ನು ಅಂಗಡಿಯವನು ಕೊಡುತ್ತಾನೆ ತಮ್ಮಾ. ಈ ಎರಡನೆಯದನ್ನು ಯಾರು ಕೊಡುತ್ತಾರೆ?”

‘ಜೀವನಶೈಲಿ ಕಾರ್ಯಕ್ರಮ’ ಎಂಬ ಪದಕ್ಕೆ ಅರ್ಥ ಬರುವುದು ಈ ಪ್ರಶ್ನೆಯಿಂದಲೇ. ಊಟ, ನಡಿಗೆ, ನಿದ್ದೆ, ತಂಬಾಕು, ಮದ್ಯ ಇವುಗಳಲ್ಲಿ ಬದಲಾವಣೆ ತರಬೇಕೆಂದು ಹೇಳಿ ಕೈಬಿಟ್ಟರೆ ಅದು ಬರೀ ಸಲಹೆ. ತರಬೇತಿ ಪಡೆದ ಒಬ್ಬರು ತಿಂಗಳುಗಟ್ಟಲೆ ಜೊತೆಗಿದ್ದು, ಗುರಿ ಗೊತ್ತುಮಾಡಿ, ತೂಕವನ್ನೂ ಒತ್ತಡವನ್ನೂ ಅಳೆಯುತ್ತ, ತಪ್ಪಿದಾಗ ಮತ್ತೆ ಹಾದಿಗೆ ತಂದರೆ ಅದು ಕಾರ್ಯಕ್ರಮ.

ನಮ್ಮ ಕಡೆ ಇದನ್ನು ‘ಪಥ್ಯ’ ಎಂದುಕೊಳ್ಳುವವರೇ ಹೆಚ್ಚು. ಪಥ್ಯ ಒಳ್ಳೆಯ ಪದ, ಆದರೆ ಇಲ್ಲಿ ಹೊಂದುವುದಿಲ್ಲ. ಬಾಣಂತಿಯ ಪಥ್ಯಕ್ಕೆ, ಕಾಮಾಲೆಯ ಪಥ್ಯಕ್ಕೆ ಬಿಡುವ ದಿನವೊಂದಿರುತ್ತದೆ. ಆ ದಿನ ಬಂದರೆ ಮನೆಯಲ್ಲಿ ಹಬ್ಬ. ರಕ್ತದೊತ್ತಡಕ್ಕೆ ಅಂಥ ದಿನವಿಲ್ಲ. ತಿಂಗಳೊಪ್ಪತ್ತು ಸಪ್ಪೆ ಉಂಡು, ಅಂಕ ಇಳಿಯಿತೆಂದು ಹಳೆಯ ಊಟಕ್ಕೆ ಮರಳಿದರೆ ಅಂಕವೂ ಮರಳುತ್ತದೆ. ಹಾಗಾಗಿ ಕಾರ್ಯಕ್ರಮಕ್ಕೆ ಬೇಕಾದದ್ದು ವ್ರತ ಹಿಡಿಯುವ ಹಟವಲ್ಲ, ರೂಢಿ. ಹತ್ತು ವರ್ಷ ನಡೆಸಿಕೊಂಡು ಹೋಗಲಾಗದ ಬದಲಾವಣೆಯನ್ನು ಮೊದಲ ದಿನವೇ ಕೈಬಿಡುವುದು ಮೇಲು ಎಂದು ನಾನು ನಂಬಿದ್ದೇನೆ.

ಜೀವನಶೈಲಿ ಕಾರ್ಯಕ್ರಮ ವೈದ್ಯಕೀಯದಲ್ಲಿ ಗಟ್ಟಿಯಾಗಿ ನೆಲೆಯೂರಲು ನೆರವಾದದ್ದು ಅಮೆರಿಕದ ಒಂದು ದೊಡ್ಡ ಪ್ರಯೋಗ. 27 ಕೇಂದ್ರಗಳಲ್ಲಿ ನಡೆದು 2002ರಲ್ಲಿ ಫಲಿತಾಂಶ ಪ್ರಕಟವಾದ ಮಧುಮೇಹ ತಡೆ ಕಾರ್ಯಕ್ರಮ ಅದು. ದೇಹದ ತೂಕದಲ್ಲಿ ಶೇ 7ರಷ್ಟು ಇಳಿಕೆ, ವಾರಕ್ಕೆ 150 ನಿಮಿಷದ ಚುರುಕು ನಡಿಗೆಯಂಥ ಶ್ರಮ ಇವೆರಡೇ ಗುರಿ. ಹೇಳಿಕೊಡಲು ಒಬ್ಬ ಮಾರ್ಗದರ್ಶಕ, ಮೊದಲ ಹಂತದಲ್ಲಿ 16 ಪಾಠ. ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದವರಲ್ಲಿ ಕಾಯಿಲೆ ಹತ್ತುವ ಪ್ರಮಾಣ ಶೇ 58ರಷ್ಟು ತಗ್ಗಿತು. ತೂಕ ಮತ್ತು ಒತ್ತಡದ ನಂಟೂ ಹತ್ತಿರದ್ದೇ. ಒಂದು ಕಿಲೊ ಇಳಿದರೆ ಒತ್ತಡದ ಮೇಲಿನ ಅಂಕ (162/98ರಲ್ಲಿ 162) ಸರಾಸರಿ ಒಂದರಷ್ಟು ಇಳಿಯುತ್ತದೆ. ಭಾರತೀಯರ ಮೈಯಲ್ಲಿ ಕೊಬ್ಬು ಹೊಟ್ಟೆಯ ಸುತ್ತ ಬೇಗ ಕೂಡುವುದರಿಂದ ನಮಗೆ ಅಳತೆಗಳೂ ಬಿಗಿ: ಹೆಂಗಸರ ಸೊಂಟದ ಸುತ್ತಳತೆ 80, ಗಂಡಸರದು 90 ಸೆಂಟಿಮೀಟರ್ ದಾಟಬಾರದು.

ಇನ್ನು, ಇಂಥ ಕಾರ್ಯಕ್ರಮಗಳು ಯಾರಿಗೆ ಬೇಕು ಎಂದಾಗ ಕೇಳಿಬರುವ ‘ಸೇವೆ ತಲುಪದ ಸಮುದಾಯ’ ಎಂಬ ಮಾತು. ಇದನ್ನು ಬಡವರು ಎಂದಷ್ಟೇ ಓದಿಕೊಂಡರೆ ಅರ್ಥ ಅರ್ಧವಾಗುತ್ತದೆ. ಹುಬ್ಬಳ್ಳಿಯಲ್ಲಿ ಆಸ್ಪತ್ರೆಗಳಿಗೆ ಕೊರತೆಯಿಲ್ಲ. ಆದರೆ ಹೊರರೋಗಿಗಳ ಚೀಟಿ ಕೊಡುವ ವೇಳೆಯೇ ಚಿಕ್ಕವ್ವನ ರೊಟ್ಟಿಯ ವೇಳೆ. ಒಂದು ದಿನ ಹೋದರೆ ಒಂದು ದಿನದ ದುಡಿಮೆ ಇಲ್ಲ. ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವವರಿಗೆ ಲೆಕ್ಕ ಕಿಲೊದ್ದು, ಬೆಟಗೇರಿಯ ಮಗ್ಗದವರಿಗೆ ಸೀರೆಯದ್ದು. ಎದ್ದು ಹೋದ ಹೊತ್ತಿಗೆ ಯಾರೂ ಕಾಸು ಕೊಡುವುದಿಲ್ಲ. ಸೇವೆ ಊರಿನಲ್ಲಿದ್ದೂ ಅವರ ಹೊತ್ತಿಗೆ ಸಿಗದಿದ್ದರೆ ಅದು ತಲುಪಿಲ್ಲವೆಂದೇ ಲೆಕ್ಕ. ‘ಶೈಲಿ’ ಎಂಬ ಪದ ನನ್ನನ್ನು ಚುಚ್ಚುವುದು ಇಲ್ಲಿಯೇ. ಶೈಲಿ ಎಂದರೆ ಆರಿಸಿಕೊಂಡದ್ದು ಎಂಬ ಧ್ವನಿ ಬರುತ್ತದೆ. ಆರು ತಾಸು ಕುಳಿತೇ ಇರುವುದನ್ನು ಚಿಕ್ಕವ್ವ ಆರಿಸಿಕೊಂಡಿಲ್ಲ. ಎಲ್ಲರೂ ಉಂಡ ಮೇಲೆ ಪಲ್ಯ ತೀರಿಹೋಗಿ, ಉಳಿದ ಚಟ್ನಿಯಲ್ಲೇ ರೊಟ್ಟಿ ತಿನ್ನುವುದನ್ನೂ ಆರಿಸಿಕೊಂಡಿಲ್ಲ.

ಹೀಗಿದ್ದೂ ಬದಲಾವಣೆ ಸಾಧ್ಯವೇ? ಲೂಯಿಸಿಯಾನಾ ರಾಜ್ಯದಲ್ಲಿ, ಹೆಚ್ಚಾಗಿ ಕಡಿಮೆ ವರಮಾನದವರು ಬರುವ 18 ಕ್ಲಿನಿಕ್‌ಗಳಲ್ಲಿ 803 ಜನರನ್ನು ಎರಡು ವರ್ಷ ಗಮನಿಸಿದ ಪ್ರಯೋಗದ ಫಲಿತಾಂಶ 2020ರಲ್ಲಿ ಬಂತು. ಕ್ಲಿನಿಕ್ಕಿನಲ್ಲೇ ಮಾರ್ಗದರ್ಶಕರು ಜೊತೆಗಿದ್ದವರು ತೂಕದ ಶೇ 5ರಷ್ಟು ಇಳಿಸಿಕೊಂಡಿದ್ದರು. ಎಂದಿನ ಚಿಕಿತ್ಸೆಯವರಲ್ಲಿ ಇಳಿದದ್ದು ಶೇ ಅರ್ಧದಷ್ಟು ಮಾತ್ರ. ಶೇ 5 ಎಂದರೆ ಚಿಕ್ಕವ್ವನ ಲೆಕ್ಕದಲ್ಲಿ ನಾಲ್ಕು ಕಿಲೊಕ್ಕೂ ತುಸು ಕಡಿಮೆ. ಕನ್ನಡಿಗೆ ಅದು ಕಾಣಲಿಕ್ಕಿಲ್ಲ, ರಕ್ತನಾಳಕ್ಕೆ ತಿಳಿಯುತ್ತದೆ.

ಉಪ್ಪಿನ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಒಬ್ಬರಿಗೆ ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಉಪ್ಪು ಸಾಕು, ಅಂದರೆ ಮಟ್ಟಸವಾಗಿ ತುಂಬಿದ ಒಂದು ಚಹಾ ಚಮಚಕ್ಕೂ ತುಸು ಕಡಿಮೆ. ಇದನ್ನು ಚಿಕ್ಕವ್ವನಿಗೆ ಹೇಳಿದಾಗ ಆಕೆ, “ರೊಟ್ಟಿಗೆ ನಾನು ಉಪ್ಪೇ ಹಾಕುವುದಿಲ್ಲವಲ್ಲ” ಎಂದಳು. ನಿಜ. ಬಿಸಿನೀರಿನಲ್ಲಿ ಹಿಟ್ಟು ನಾದಿ ಬಡಿಯುವ ನಮ್ಮ ಜೋಳದ ರೊಟ್ಟಿ ಹೆಚ್ಚಿನ ಮನೆಗಳಲ್ಲಿ ಸಪ್ಪೆಯೇ. ಉಪ್ಪು ಇರುವುದು ಅದರ ಮಗ್ಗುಲಲ್ಲಿ: ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ರಂಜಕ, ಉಪ್ಪಿನಕಾಯಿ, ಸಂಡಿಗೆ, ಸಂಜೆಯ ಮಿರ್ಚಿ ಭಜಿ. ಗಂಗಾಳದಲ್ಲಿ ಪಲ್ಯ ಕಡಿಮೆಯಾದಷ್ಟೂ ಚಟ್ನಿ ಹೆಚ್ಚುತ್ತದೆ. ತರಕಾರಿ ತುಟ್ಟಿಯಾದ ವಾರ ಉಪ್ಪು ತಾನಾಗಿಯೇ ಏರುತ್ತದೆ.

ಮಾತು ಬಿಟ್ಟು ಲೆಕ್ಕಕ್ಕೆ ಕುಳಿತೆವು. ಉಪ್ಪಿನ ಒಂದು ಕಿಲೊ ಪಾಕೀಟು ಒಡೆದ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿದೆವು. ಮನೆಯಲ್ಲಿ ನಾಲ್ಕು ಜನ, ಪಾಕೀಟು ಇಪ್ಪತ್ತೇ ದಿನಕ್ಕೆ ಮುಗಿಯಿತು. ಒಬ್ಬರಿಗೆ ದಿನಕ್ಕೆ ಹನ್ನೆರಡೂವರೆ ಗ್ರಾಂ! ಕಾಳು ಕುದಿಸಿ ಚೆಲ್ಲಿದ ನೀರಿನಲ್ಲಿ ಒಂದಿಷ್ಟು ಹೋಗಿರಬಹುದು, ಆದರೆ ಹೊರಗೆ ತಿಂದದ್ದು ಈ ಲೆಕ್ಕದಲ್ಲೇ ಇಲ್ಲ. ಪಾಕೀಟು ಎಷ್ಟು ದಿನ ಬಂತು ಎಂಬ ಈ ಅಳತೆ ಓದುಬರಹ ಬಾರದವರಿಗೂ ದಕ್ಕುತ್ತದೆ. ಎಣ್ಣೆಗೂ ಇದೇ ದಾರಿ: ತಲೆಗೆ ತಿಂಗಳಿಗೆ ಅರ್ಧ ಲೀಟರಿನ ಒಳಗೆ.

1997ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ‘ಡ್ಯಾಶ್’ ಆಹಾರಕ್ರಮದ ಅಧ್ಯಯನ ಹಣ್ಣು, ತರಕಾರಿ, ಕಡಿಮೆ ಕೊಬ್ಬಿನ ಹಾಲಿನ ಪದಾರ್ಥಗಳಿಂದ ರಕ್ತದೊತ್ತಡ ಇಳಿಯುವುದನ್ನು ತೋರಿಸಿತು. ಅದನ್ನು ಇಲ್ಲಿಗೆ ತರುವಾಗ ಪರದೇಶದ ಹಣ್ಣುಗಳ ಪಟ್ಟಿ ತರಬೇಕಿಲ್ಲ. ಹಸಿ ಹಕ್ಕರಿಕೆ, ಮೆಂತ್ಯೆ, ಎಳೆ ಮೂಲಂಗಿ, ಮಡಿಕೆಕಾಳಿನ ಉಸುಳಿ, ಉಪ್ಪು ಹಾಕದ ಮಜ್ಜಿಗೆ ನಮ್ಮ ರೊಟ್ಟಿಯೂಟದ ಹಳೆಯ ನೆಂಟರೇ.

ಗುಳಿಗೆಯ ಮಾತನ್ನು ಇಲ್ಲಿ ಸ್ಪಷ್ಟವಾಗಿ ಹೇಳುತ್ತೇನೆ: ಅಂಕ ಇಳಿಯಿತೆಂದು ಯಾರೂ ತಾವಾಗಿ ಗುಳಿಗೆ ಬಿಡಬಾರದು. ಕಾರ್ಯಕ್ರಮ ಗುಳಿಗೆಗೆ ಬದಲಿಯಲ್ಲ, ಜೊತೆಗಾರ. ‘ಕಡಿಮೆ ಸೋಡಿಯಂ’ ಉಪ್ಪಿನಲ್ಲಿ ಪೊಟ್ಯಾಸಿಯಂ ಇರುವುದರಿಂದ ಮೂತ್ರಪಿಂಡದ ತೊಂದರೆ ಇದ್ದವರು ವೈದ್ಯರನ್ನು ಕೇಳದೆ ಅದನ್ನು ಬಳಸಕೂಡದು.

ಇದೆಲ್ಲ ನಡೆಯಬೇಕಾದ ಜಾಗ ಯಾವುದು? ಲಾಸ್ ಏಂಜಲೀಸ್‌ನಲ್ಲಿ ಕಪ್ಪು ಗಂಡಸರು ಆಸ್ಪತ್ರೆಗೆ ಬಾರದಿದ್ದಾಗ ಔಷಧತಜ್ಞರೇ ಅವರ ಕ್ಷೌರದಂಗಡಿಗೆ ಹೋದರು. 52 ಅಂಗಡಿಗಳಲ್ಲಿ ನಡೆದ ಆ ಪ್ರಯೋಗದ ಫಲಿತಾಂಶ 2018ರಲ್ಲಿ ಪ್ರಕಟವಾಯಿತು. ಆರು ತಿಂಗಳಲ್ಲಿ ಮೇಲಿನ ಅಂಕ ಸರಾಸರಿ 27ರಷ್ಟು ಇಳಿದಿತ್ತು. ಅಲ್ಲಿ ಹೆಚ್ಚಿನ ಕೆಲಸ ಮಾಡಿದ್ದು ಔಷಧಿಯೇ, ಆದರೆ ಅದು ತಲುಪಿದ್ದು ಜನ ನೆಚ್ಚಿದ ಜಾಗದ ಮೂಲಕ. ನಮ್ಮಲ್ಲಿ 30 ದಾಟಿದವರ ತಪಾಸಣೆಗೆ ಆಶಾ ಕಾರ್ಯಕರ್ತೆಯರಿದ್ದಾರೆ, ಸರ್ಕಾರದ ‘ನಮ್ಮ ಕ್ಲಿನಿಕ್’ಗಳಿವೆ, ಆಯುಷ್ಮಾನ್ ಆರೋಗ್ಯ ಮಂದಿರಗಳಿವೆ. ಆದರೆ ತಪಾಸಣೆ ಮೊದಲ ಮೆಟ್ಟಿಲು. ಒಂದು ದಿನದ ಶಿಬಿರ ನಡೆಸಿ, ಫಲಕದ ಮುಂದೆ ಫೋಟೊ ತೆಗೆಸಿ ಹೋಗುವುದನ್ನು ಜೀವನಶೈಲಿ ಕಾರ್ಯಕ್ರಮ ಎಂದು ಕರೆಯಬಾರದು. ನಂತರದ ವಾರಗಳು ಓಣಿಯಲ್ಲಿ, ಭಜನಾ ಮಂಡಳಿಯಲ್ಲಿ, ಉಳಿತಾಯದ ಸಂಘದಲ್ಲಿ ನಡೆಯಬೇಕು.

ಚಿಕ್ಕವ್ವನ ಸಂಘದಲ್ಲಿ ಒಂಬತ್ತು ಹೆಂಗಸರು. ಗುರುವಾರ ಸಂಜೆ ದುಡ್ಡು ಕಟ್ಟಲು ಸೇರುತ್ತಾರೆ. ಕ್ಲಿನಿಕ್ಕಿನ ನರ್ಸ್ ಒಬ್ಬರು ಹದಿನೈದು ದಿನಕ್ಕೊಮ್ಮೆ ಒತ್ತಡ ನೋಡಲು ಅಲ್ಲಿಗೇ ಬರಲು ಒಪ್ಪಿದರು. ಬಂದ ಕೂಡಲೇ ತೋಳಿಗೆ ಪಟ್ಟಿ ಕಟ್ಟುವುದಿಲ್ಲ. “ಐದು ನಿಮಿಷ ಬೆನ್ನು ಆನಿಸಿ ಕುಳಿತುಕೊಳ್ಳಿರಿ ಅಕ್ಕಾ, ಮಾತು ಬೇಡ” ಎನ್ನುತ್ತಾರೆ. ಅದಕ್ಕೂ ಅರ್ಧ ತಾಸು ಮೊದಲು ಚಹಾ ಇಲ್ಲ, ತಂಬಾಕೂ ಇಲ್ಲ. ರೊಟ್ಟಿ ಕೆಲಸ ಮುಗಿದ ಮೇಲೆ ಮೂವರು ಕೂಡಿ ಸಿದ್ಧಾರೂಢ ಮಠದವರೆಗೆ ನಡೆದು ಬರುತ್ತಾರೆ. ಒಬ್ಬಳೇ ಹೊರಟರೆ “ಎಲ್ಲಿಗೆ?” ಎಂದು ಕೇಳುವ ಓಣಿ, ಮೂವರನ್ನು ಕೇಳುವುದಿಲ್ಲ.

ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಪುಟಗಳಲ್ಲಿ ಈಗ ಐದು ತಿಂಗಳ ಅಂಕಿಗಳಿವೆ. ಗುಳಿಗೆ ತಪ್ಪದೆ ನುಂಗುತ್ತ, ಚಿಕ್ಕವ್ವನ ಒತ್ತಡ 138/86ಕ್ಕೆ, ತೂಕ 72ಕ್ಕೆ ಬಂದಿದೆ. ನಡುವೆ ಮದುವೆಗಳ ತಿಂಗಳಲ್ಲಿ ಎರಡೂ ಏರಿದ್ದವು, ಅದನ್ನೂ ಬರೆದಿಟ್ಟಿದ್ದಾರೆ. ಉಪ್ಪಿನ ಪಾಕೀಟು ಈ ಸಲ ಮೂವತ್ತೆರಡು ದಿನ ಬಂತು. ಮುಂದಿನ ಗುರುವಾರ ಒಂಬತ್ತು ಜನವೂ ಸೇರಿ ಗುರೆಳ್ಳು ಚಟ್ನಿ ಕುಟ್ಟುವುದೆಂದು ಗೊತ್ತಾಗಿದೆ. ಉಪ್ಪು ಅರ್ಧ, ಬೆಳ್ಳುಳ್ಳಿ ಇಮ್ಮಡಿ, ಹುಳಿ ತುಸು ಹೆಚ್ಚು.